ಎರಡು ಮನೆಯ ಲೆಕ್ಕ

ಶಿವಮೊಗ್ಗದ ಸವಳಂಗ ರಸ್ತೆಯ ಎಡಬಲದ ಬಡಾವಣೆಗಳಲ್ಲಿ ಯಾರ ಮನೆಯ ಮಗನಿಗೋ ಮಗಳಿಗೋ ಹೊರದೇಶದಲ್ಲಿ ಕೆಲಸ ಸಿಕ್ಕಿತೆಂದು ಗೊತ್ತಾದರೆ ಅಕ್ಕಪಕ್ಕದವರು ಮೊದಲು ಕೇಳುವುದು, "ನಮ್ಮ ದುಡ್ಡಲ್ಲಿ ಎಷ್ಟಾಗುತ್ತೆ?" ಕೇಳಿದವರು ಉತ್ತರಕ್ಕೆ ಕಾಯುವುದೂ ಕಡಿಮೆ. ಮೊಬೈಲ್ ತೆಗೆದು ತಾವೇ ಗುಣಿಸುತ್ತಾರೆ, ಬಂದದ್ದನ್ನು ಹನ್ನೆರಡರಿಂದ ಇನ್ನೊಮ್ಮೆ ಗುಣಿಸುತ್ತಾರೆ, ಕೋಟಿಯ ಆಸುಪಾಸು ಬಂದರೆ "ಅಬ್ಬಾ" ಎನ್ನುತ್ತಾರೆ. ನವುಲೆಯ ಜೆಎನ್‌ಎನ್ ಎಂಜಿನಿಯರಿಂಗ್ ಕಾಲೇಜು ಇದೇ ರಸ್ತೆಯಲ್ಲಿ 1980ರಲ್ಲಿ ಶುರುವಾದದ್ದು. ಅಲ್ಲಿ ಓದಿ ಬೆಂಗಳೂರಿಗೆ, ಬೆಂಗಳೂರಿನಿಂದ ಇನ್ನೂ ಆಚೆಗೆ ಹೋದವರದ್ದು ಈಗ ಎರಡನೆಯ ತಲೆಮಾರು. ಲೆಕ್ಕ ಹಾಕುವ ಕ್ರಮ ಮಾತ್ರ ಮೊದಲ ಬ್ಯಾಚಿನವರ ಕಾಲದಲ್ಲಿ ಇದ್ದಂತೆಯೇ ಇದೆ.

ಒಬ್ಬನೇ ಹೋಗುವ ಇಪ್ಪತ್ತನಾಲ್ಕರ ಹುಡುಗನಿಗೆ ಈ ಗುಣಾಕಾರದಿಂದ ದೊಡ್ಡ ನಷ್ಟವೇನೂ ಇಲ್ಲ. ನಾಲ್ಕು ಜನ ಸೇರಿ ಮನೆ ಹಿಡಿಯುತ್ತಾನೆ, ಅನ್ನ ಸಾರು ಮಾಡಿಕೊಂಡು ಕಾಲ ತಳ್ಳುತ್ತಾನೆ, ಪಟ್ಟ ಕಷ್ಟ ಮುಂದೆ ಹೇಳಿಕೊಳ್ಳಲು ಕಥೆಯಾಗುತ್ತದೆ. ವಿದೇಶಿ ವಿನಿಮಯ ಬಿಗಿಯಾಗಿದ್ದ ಕಾಲದಲ್ಲಿ ಎಂಟೇ ಡಾಲರ್ ಜೇಬಿನಲ್ಲಿಟ್ಟುಕೊಂಡು ಅಮೆರಿಕದಲ್ಲಿ ಇಳಿದವರ ಕಥೆಗಳು ನಮ್ಮ ನಡುವೆ ಇನ್ನೂ ಓಡಾಡುತ್ತಿವೆ. ಅವು ಸುಳ್ಳಲ್ಲ. ಆದರೆ ಆ ಕಥೆಗಳಲ್ಲಿ ಹೆಂಡತಿ ಮಕ್ಕಳು ಸಾಮಾನ್ಯವಾಗಿ ಇರುವುದಿಲ್ಲ, ಊರಲ್ಲಿ ಉಳಿದ ಅಪ್ಪ ಅಮ್ಮ ಇನ್ನೂ ಗಟ್ಟಿಮುಟ್ಟಾಗಿದ್ದವರು. ಮೂವತ್ತೆಂಟರಲ್ಲಿ, ನೌಕರಿಯಲ್ಲಿರುವ ಹೆಂಡತಿ ಮತ್ತು ಮೂರು, ಎಂಟು ವರ್ಷದ ಇಬ್ಬರು ಮಕ್ಕಳೊಂದಿಗೆ ಹೊರಡುವವನ ಸ್ಥಿತಿಯೇ ಬೇರೆ. ಅವನ ಅಪ್ಪನಿಗೆ ಎಪ್ಪತ್ತು ದಾಟಿದೆ. ಅವನು ಹಾಕಬೇಕಾದದ್ದು ಎರಡು ಮನೆಯ ಲೆಕ್ಕ: ಅಲ್ಲಿ ಹೂಡುವ ಸಂಸಾರದ್ದು ಒಂದು, ಇಲ್ಲಿ ಬಿಟ್ಟುಹೋಗುವ ಮನೆಯದ್ದು ಇನ್ನೊಂದು. ಈ ಇನ್ನೊಂದನ್ನು ಮೊದಲು ಬರೆಯಬೇಕು ಎಂಬುದು ನನ್ನ ವಾದ. ಅದನ್ನು ಬರೆಯುವವರೆಗೆ ಕಂಪನಿ ಹೇಳಿದ ಸಂಬಳ ಸಾಕೋ ಸಾಲದೋ ಎಂದು ಯಾರೂ ಹೇಳಲಾರರು.

ಗುಣಾಕಾರ ಎಲ್ಲಿ ತಪ್ಪುತ್ತದೆ ಎಂಬುದನ್ನು ಬೇಗ ಹೇಳಿಬಿಡಬಹುದು. ಬೇರೆ ಬೇರೆ ದೇಶಗಳಲ್ಲಿ ದುಡ್ಡಿನ ಕೊಳ್ಳುವ ಶಕ್ತಿ ಎಷ್ಟು ಎಂದು ವಿಶ್ವಬ್ಯಾಂಕ್ ಹೋಲಿಸಿ ನೋಡುತ್ತದೆ. ಅದರ ಪ್ರಕಾರ ಅಮೆರಿಕದಲ್ಲಿ ಒಂದು ಡಾಲರಿಗೆ ಬರುವಷ್ಟು ಸರಕು, ಸೇವೆ ಭಾರತದಲ್ಲಿ ಸುಮಾರು 20 ರೂಪಾಯಿಗೆ ಬರುತ್ತದೆ. ಬ್ಯಾಂಕಿನ ವಿನಿಮಯ ದರವೋ 2025ರ ಕೊನೆಗೆ 90 ರೂಪಾಯಿ ಮುಟ್ಟಿತು. ಹಾಗಾಗಿ ಅಲ್ಲೇ ಖರ್ಚಾಗುವ ಡಾಲರನ್ನು 20ರಿಂದ ಗುಣಿಸಬೇಕು, ಉಳಿಸಿ ಊರಿಗೆ ಕಳಿಸುವ ಡಾಲರನ್ನಷ್ಟೇ 90ರಿಂದ ಗುಣಿಸಬೇಕು. ಆ 20 ಕೂಡ ಸರಾಸರಿ ಮಾತ್ರ. ಟಿವಿ, ಲ್ಯಾಪ್‌ಟಾಪ್, ಕಾರಿಗೆ ಅಲ್ಲಿ ಕೊಡುವುದು ಹೆಚ್ಚುಕಡಿಮೆ ಇಲ್ಲಿಯ ಬೆಲೆಯನ್ನೇ. ಇನ್ನೊಬ್ಬ ಮನುಷ್ಯನ ಕೈ ತಾಗಬೇಕಾದ ಕೆಲಸ ಬಂತೋ, ಬೆಲೆ ಏರಿತು. ಕ್ಷೌರ, ನಲ್ಲಿ ರಿಪೇರಿ, ಹಲ್ಲು ಕೀಳಿಸುವುದು, ಮಗುವನ್ನು ಹಗಲು ನೋಡಿಕೊಳ್ಳುವುದು. ಶಿವಮೊಗ್ಗದ ಮಧ್ಯಮ ವರ್ಗದ ನೆಮ್ಮದಿ ನಿಂತಿರುವುದೇ ಅಗ್ಗದ ಕೈಗಳ ಮೇಲೆ. ಬೆಳಿಗ್ಗೆ ಬಂದು ಪಾತ್ರೆ ತೊಳೆದು ಹೋಗುವವರು, ಮಕ್ಕಳನ್ನು ಶಾಲೆಗೆ ಬಿಡುವ ಆಟೊದವರು, ಬೀದಿಯ ತುದಿಯ ಇಸ್ತ್ರಿ ಗಾಡಿಯವರು. ಇವರಿಗೆ ನಾವು ಕೊಡುವುದು ತೀರಾ ಕಡಿಮೆ ಎಂಬ ಸತ್ಯವೂ ಹೊರದೇಶದ ಬಿಲ್ಲುಗಳನ್ನು ನೋಡಿದಾಗಲೇ ನಮಗೆ ಹೊಳೆಯುವುದು.

ಸಂಸಾರ ಸಮೇತ ಹೋಗುವವರನ್ನು ಮೊದಲು ಹಿಂಡುವುದು ತಿಂಗಳ ಖರ್ಚಲ್ಲ, ಇಳಿಯುವ ಖರ್ಚು. ದುಬೈಯನ್ನೇ ನೋಡಿ. ಅಲ್ಲಿ ಬಾಡಿಗೆಯನ್ನು ವರ್ಷದ ಲೆಕ್ಕದಲ್ಲಿ ಹೇಳುತ್ತಾರೆ, ಮುಂದಿನ ದಿನಾಂಕ ಹಾಕಿದ ಕೆಲವೇ ಚೆಕ್ಕುಗಳಲ್ಲಿ ವಸೂಲು ಮಾಡುತ್ತಾರೆ. ವರ್ಷಕ್ಕೆ 80,000 ದಿರ್ಹಮ್‌ನ ಮನೆ, ನಾಲ್ಕು ಚೆಕ್ ಎಂದುಕೊಳ್ಳೋಣ. ಮೊದಲ ಚೆಕ್ 20,000. ಸಾಮಾನು ಸರಂಜಾಮು ಇಲ್ಲದ ಮನೆಗೆ ಠೇವಣಿ ಸಾಮಾನ್ಯವಾಗಿ ಶೇ 5, ಅಂದರೆ 4,000. ಏಜೆಂಟ್ ಕಮಿಷನ್ ಇನ್ನೊಂದು ಶೇ 5, ಮತ್ತೆ 4,000. ಕರೆಂಟು ನೀರಿನ ಇಲಾಖೆಗೆ ಫ್ಲ್ಯಾಟ್ ಆದರೆ 2,000 ಠೇವಣಿ. ಹಾಸಿಗೆ, ಫ್ರಿಜ್ಜು, ಗ್ಯಾಸ್ ಒಲೆ ಕೊಳ್ಳುವ ಮೊದಲೇ 30,000 ದಿರ್ಹಮ್, ಏಳು ಲಕ್ಷ ರೂಪಾಯಿಯ ಆಸುಪಾಸು ಕೈಬಿಟ್ಟಿತು. ಮೊದಲ ಸಂಬಳ ಇನ್ನೂ ಬಂದಿಲ್ಲ. ಮುಂದೆ ತಿಂಗಳು ತಿಂಗಳು ಕರೆಂಟ್ ಬಿಲ್ಲಿನ ಜತೆಗೇ ವರ್ಷದ ಬಾಡಿಗೆಯ ಶೇ 5ರಷ್ಟು ವಸತಿ ಶುಲ್ಕ ಕಂತಾಗಿ ಬರುತ್ತದೆ. ಮಕ್ಕಳ ಶಾಲೆಯ ಫೀಸು ಬೇರೆ. ಆದಾಯ ತೆರಿಗೆ ಇಲ್ಲದ ದೇಶ ಎಂದು ಹಿಗ್ಗಿದವರು ಶಾಲೆಯ ಫೀಸನ್ನೇ ತೆರಿಗೆ ಎಂದು ಬರೆದುಕೊಂಡರೆ ಲೆಕ್ಕ ಸರಿಹೋಗುತ್ತದೆ.

ಬ್ರಿಟನ್ನಿನ ದಾರಿ ಬೇರೆ. ಅಲ್ಲಿ ವೀಸಾ ಅರ್ಜಿಯ ಜತೆಗೇ ಆರೋಗ್ಯ ಸರ್‌ಚಾರ್ಜ್ ಕಟ್ಟಬೇಕು. 2024ರ ಫೆಬ್ರುವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಎಷ್ಟು ವರ್ಷದ ವೀಸಾವೋ ಅಷ್ಟೂ ವರ್ಷದ್ದನ್ನು ಒಟ್ಟಿಗೆ, ಮುಂಗಡವಾಗಿ. ಗಂಡ ಹೆಂಡತಿ ಇಬ್ಬರು ಮಕ್ಕಳು, ಮೂರು ವರ್ಷ: 10,866 ಪೌಂಡ್. ರೂಪಾಯಿಯಲ್ಲಿ ಹನ್ನೆರಡು ಲಕ್ಷಕ್ಕೂ ಮಿಕ್ಕಿತು. ವೀಸಾ ಶುಲ್ಕ ಇದರಲ್ಲಿ ಸೇರಿಲ್ಲ. ಆರೋಗ್ಯ ಕ್ಷೇತ್ರದ ವೀಸಾದವರಿಗೆ ಈ ಸರ್‌ಚಾರ್ಜ್ ಇಲ್ಲ, ಹಾಗಾಗಿ ನಮ್ಮ ನರ್ಸ್‌ಗಳ ಲೆಕ್ಕವೇ ಬೇರೆ, ಸಾಫ್ಟ್‌ವೇರ್‌ನವರ ಲೆಕ್ಕವೇ ಬೇರೆ. ಕಂಪನಿ ಕೊಡುತ್ತದೆ ಎಂಬ ಭರವಸೆ ಬಂದರೆ ನೌಕರನ ಪಾಲಿನದೋ ನಾಲ್ಕೂ ಜನರದೋ ಎಂದು ಬರಹದಲ್ಲಿ ಕೇಳಬೇಕು. ಒಂದಕ್ಕೂ ನಾಲ್ಕಕ್ಕೂ ವ್ಯತ್ಯಾಸ ಏಳೂವರೆ ಸಾವಿರ ಪೌಂಡು ದಾಟುತ್ತದೆ.

ಈ ಮೊದಲ ಹಣವೆಲ್ಲ ಹೋಗುವುದು ರೂಪಾಯಿಯಿಂದ. ಡಾಲರಿಗೆ 2015ರಲ್ಲಿ 63-64 ರೂಪಾಯಿ ಇತ್ತು. ರೂಪಾಯಿ ಬಿದ್ದರೆ ಎನ್ಆರ್‌ಐಗಳಿಗೆ ಲಾಭ ಎಂದು ಪತ್ರಿಕೆಗಳು ಬರೆಯುತ್ತವೆ, ಅಲ್ಲಿ ಆಗಲೇ ದುಡಿಯುತ್ತಿರುವವರಿಗೆ ಅದು ನಿಜ. ಇನ್ನೂ ಹೊರಡುತ್ತಿರುವವನಿಗೆ ಅದೇ ನಷ್ಟ. ಅವನು ಮಾರುವುದು ರೂಪಾಯಿ, ಕೊಳ್ಳುವುದು ಡಾಲರ್. ಇದರ ಮೇಲೆ, 2025ರ ಏಪ್ರಿಲ್‌ನಿಂದ ಸಂಸಾರ ನಿರ್ವಹಣೆಗೆಂದು ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿ ಹೊರಗೆ ಕಳಿಸಿದರೆ ಮೀರಿದ ಮೊತ್ತಕ್ಕೆ ಬ್ಯಾಂಕು ಶೇ 20ರಷ್ಟು ತೆರಿಗೆಯನ್ನು ಮೂಲದಲ್ಲೇ (ಟಿಸಿಎಸ್) ಹಿಡಿಯುತ್ತದೆ. 15 ಲಕ್ಷ ಕಳಿಸಿದರೆ ಒಂದು ಲಕ್ಷ ಹಿಡಿದುಕೊಂಡರು. ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು, ನಿಜ. ಆದರೆ ಆ ಲಕ್ಷ ಬೇಕಾದದ್ದು ಈ ತಿಂಗಳು.

ತಿಂಗಳ ಖರ್ಚಿನ ಪಟ್ಟಿಯಲ್ಲಿ ಅಕ್ಕಿ ಬೇಳೆ ಬಾಡಿಗೆಗಳನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಹೆಂಡತಿಯ ಸಂಬಳವನ್ನು. ಆಕೆ ಇಲ್ಲಿ ಕಾಲೇಜಿನಲ್ಲೋ ಬ್ಯಾಂಕಿನಲ್ಲೋ ಕೆಲಸದಲ್ಲಿದ್ದರೆ ಹೊರಡುವ ದಿನದಿಂದ ಆ ಸಂಬಳ, ಪಿಎಫ್, ಸೇವಾ ಜ್ಯೇಷ್ಠತೆ ಎಲ್ಲ ನಿಲ್ಲುತ್ತದೆ. ಅಲ್ಲಿ ಮತ್ತೆ ಶುರುವಾಗುತ್ತದೆಯೇ ಎಂಬುದನ್ನು ಹೇಳುವುದು ವೀಸಾ. ಜರ್ಮನಿಯ ಬ್ಲೂ ಕಾರ್ಡ್‌ದಾರರ ಸಂಗಾತಿಗೆ ಕೆಲಸ ಮಾಡುವ ಹಕ್ಕಿದೆ. ಬ್ರಿಟನ್ನಿನಲ್ಲೂ ಇದೆ. ಅಮೆರಿಕದಲ್ಲಿ ಎಚ್-1ಬಿ ನೌಕರನ ಹೆಂಡತಿಗೆ ಎಚ್-4 ವೀಸಾದ ಮೇಲೆ ಕೆಲಸದ ಪರವಾನಗಿ ದೊರೆಯತೊಡಗಿದ್ದೇ 2015ರ ಮೇ ತಿಂಗಳಿಂದ, ಅದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ ಮೇಲೆ. ಅಲ್ಲಿಯವರೆಗೆ ಎಂ.ಟೆಕ್. ಮಾಡಿದವಳೂ ಮನೆಯಲ್ಲೇ. ಗಂಡನಿಗೆ ಸಿಕ್ಕ ದೊಡ್ಡ ಸಂಬಳದಿಂದ ಹೆಂಡತಿ ಬಿಟ್ಟ ಸಂಬಳವನ್ನು ಕಳೆಯದೆ ಲಾಭ ಎಂದು ಕರೆಯುವುದು, ನನ್ನ ದೃಷ್ಟಿಯಲ್ಲಿ, ಆಕೆಯ ದುಡಿಮೆಗೆ ಬೆಲೆಯೇ ಇರಲಿಲ್ಲ ಎಂದಂತೆ.

ಆಕೆಗೆ ಕೆಲಸ ಸಿಕ್ಕಿತೆನ್ನಿ. ಮೂರು ವರ್ಷದ ಮಗು ಎಲ್ಲಿರಬೇಕು? ಇಲ್ಲಿ ದೇಶ ದೇಶಕ್ಕೆ ಲೆಕ್ಕ ತಲೆಕೆಳಗಾಗುತ್ತದೆ. ಜರ್ಮನಿಯಲ್ಲಿ ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದಲ್ಲಿ ಜಾಗ ಸಿಗಬೇಕೆಂಬುದು 2013ರಿಂದ ಕಾನೂನುಬದ್ಧ ಹಕ್ಕು. ಬರ್ಲಿನ್‌ನಲ್ಲಿ ಅದಕ್ಕೆ ಫೀಸೂ ಇಲ್ಲ. ಹಕ್ಕಿದ್ದರೂ ಜಾಗಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ ಎಂಬುದು ಬೇರೆ ಮಾತು. ಮಕ್ಕಳ ಭತ್ಯೆಯಾಗಿ 2025ರಲ್ಲಿ ಮಗುವೊಂದಕ್ಕೆ ತಿಂಗಳಿಗೆ 255 ಯೂರೊ ಕೊಡುತ್ತಿತ್ತು ಆ ಸರ್ಕಾರ, ನಮ್ಮವರಿಗೂ. ಸರ್ಕಾರಿ ಆರೋಗ್ಯ ವಿಮೆಯಲ್ಲಿ ದುಡಿಯದ ಹೆಂಡತಿಯೂ ಮಕ್ಕಳೂ ಹೆಚ್ಚುವರಿ ಕಂತಿಲ್ಲದೆ ಸೇರುತ್ತಾರೆ. ಇಂಗ್ಲೆಂಡಿನಲ್ಲಿ ದುಡಿಯುವ ತಂದೆತಾಯಿಗಳಿಗೆ ವಾರಕ್ಕೆ 30 ಗಂಟೆಯ ಉಚಿತ ಶಿಶುಪಾಲನೆ ಎಂದು ದೊಡ್ಡದಾಗಿ ಪ್ರಚಾರವಿದೆ. ಆದರೆ ನಮ್ಮವರ ವೀಸಾದ ಮೇಲೆ ಸಾರ್ವಜನಿಕ ನಿಧಿಯ ನೆರವಿಲ್ಲ ಎಂಬ ಷರತ್ತಿರುತ್ತದೆ. ಅಪ್ಪ ಅಮ್ಮ ಇಬ್ಬರ ಮೇಲೂ ಅದಿದ್ದರೆ ಈ ಸೌಲಭ್ಯ ಸಿಗದು, ಮೂರು ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಇರುವ 15 ಗಂಟೆಯಷ್ಟೇ ಸಿಗುತ್ತದೆ. ಮ್ಯೂನಿಕ್‌ನ ಸಂಬಳವನ್ನೂ ಮ್ಯಾಂಚೆಸ್ಟರ್‌ನ ಸಂಬಳವನ್ನೂ ಪಕ್ಕಪಕ್ಕ ಇಟ್ಟು ಯಾವುದು ದೊಡ್ಡದು ಎಂದು ನೋಡುವವರು ಇದನ್ನೆಲ್ಲ ನೋಡುವುದಿಲ್ಲ.

ನಮ್ಮವರು ಇದಕ್ಕೆ ಕಂಡುಕೊಂಡ ಪರಿಹಾರದ ಹೆಸರು ಅಜ್ಜಿ. ಹೊರದೇಶದ ಕನ್ನಡ ಸಂಸಾರಗಳ ಅರ್ಥಶಾಸ್ತ್ರವನ್ನು ಯಾರಾದರೂ ಬರೆದರೆ ಬಾಣಂತನಕ್ಕೆ ಒಂದು ಇಡೀ ಅಧ್ಯಾಯ ಕೊಡಬೇಕಾದೀತು. ಸೂಟ್‌ಕೇಸಿನಲ್ಲಿ ಮೆಣಸಿನ ಪುಡಿ, ಶುಂಠಿ ಲೇಹ್ಯ, ಮಗುವಿಗೆ ಹಚ್ಚುವ ಎಣ್ಣೆ ತುಂಬಿಕೊಂಡು ಹೋದ ಅಮ್ಮ ಆರು ತಿಂಗಳು ಅಡುಗೆ ಮಾಡಿ, ಎಣ್ಣೆ ನೀರು ಹಾಕಿ, ರಾತ್ರಿ ಎದ್ದು ಕೂತು, ವೀಸಾ ಮುಗಿಯುವ ಹೊತ್ತಿಗೆ ವಿಮಾನ ಹತ್ತುತ್ತಾಳೆ. ಆಮೇಲೆ ಅತ್ತೆಯ ಸರದಿ. ಅಮೆರಿಕ, ಬ್ರಿಟನ್ನುಗಳಲ್ಲಿ ಸಾಮಾನ್ಯವಾಗಿ ಆರು ತಿಂಗಳು ಇರಬಹುದು. ಜರ್ಮನಿ ಸೇರಿದಂತೆ ಷೆಂಗೆನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ, ಕನಿಷ್ಠ 30,000 ಯೂರೊ ವಿಮೆ ಬೇಕು. ಕೆನಡಾದ ಸೂಪರ್ ವೀಸಾದಲ್ಲಿ ಒಂದೇ ಸಲಕ್ಕೆ ಐದು ವರ್ಷದವರೆಗೆ ಇರಬಹುದು, ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಮಾಡಿಸಿದ್ದರೆ. ಟಿಕೆಟ್ಟು, ವೀಸಾ, ವಿಮೆ ಸೇರಿದರೆ ಅಜ್ಜಿಯೇನೂ ಬಿಟ್ಟಿಯಲ್ಲ. ಶಿಶುವಿಹಾರಕ್ಕಿಂತ ಅಗ್ಗ, ಅಷ್ಟೆ. ಅಮ್ಮ ಅಲ್ಲಿದ್ದ ಆ ಆರು ತಿಂಗಳು ಶಿವಮೊಗ್ಗದಲ್ಲಿ ಅಪ್ಪ ಏನು ತಿಂದ, ಯಾರು ಅವನ ಬಿಪಿ ನೋಡಿದರು ಎಂಬುದು ಮಾತ್ರ ಯಾರ ಹಾಳೆಯಲ್ಲೂ ಇರುವುದಿಲ್ಲ.

ಬಿಟ್ಟುಹೋಗುವ ಮನೆ ಅಂದೆನಲ್ಲ, ಅಲ್ಲಿಗೆ ಬರೋಣ. ನವುಲೆಯ ಆಸುಪಾಸಿನ ಒಂದು ಮನೆಯಲ್ಲಿ, ಮಗ ಹೊರಡುವ ತಯಾರಿಯಲ್ಲಿದ್ದಾಗ, ಅಪ್ಪ ತಮ್ಮ ತಿಂಗಳ ಖರ್ಚನ್ನು ಹಳೆಯ ಡೈರಿಯ ಹಾಳೆಯೊಂದರಲ್ಲಿ ಬರೆದು ತೋರಿಸಿದರು. ನಿವೃತ್ತ ಗುಮಾಸ್ತರ ಅಕ್ಷರ, ಮಣಿ ಪೋಣಿಸಿದ ಹಾಗೆ. ಹಾಲು, ಗ್ಯಾಸ್, ಮೆಸ್ಕಾಂ, ನೀರು, ಮಾತ್ರೆ, ದಿನಸಿ, ಕೆಲಸದವಳು, ಪೇಪರ್, ದೇವಸ್ಥಾನ. ಕೆಳಗೆ ಒಟ್ಟು ಹಾಕಿ ಎರಡು ಗೆರೆ ಎಳೆದಿದ್ದರು. ಪಿಂಚಣಿಯಲ್ಲಿ ಸಲೀಸಾಗಿ ತೂಗುವ ಮೊತ್ತ. "ನಮ್ಮದೇನೂ ಯೋಚನೆ ಇಲ್ಲ, ನೀವು ಹೊರಡಿ" ಎಂದರು. ಆ ಹಾಳೆಯಲ್ಲಿ ಇದ್ದದ್ದು ಅವರು ದುಡ್ಡು ಕೊಡುವ ಬಾಬತ್ತುಗಳು ಮಾತ್ರ. ಮಗ ಸೊಸೆ ಬಿಟ್ಟಿ ಮಾಡುತ್ತಿದ್ದದ್ದು ಒಂದೂ ಇರಲಿಲ್ಲ. ಯುಪಿಎಸ್ ಬ್ಯಾಟರಿಗೆ ನೀರು ಹಾಕುವವರು ಯಾರು? ಮಳೆಗಾಲದ ರಾತ್ರಿ ಮೋಟಾರು ಕೆಟ್ಟರೆ ಯಾರನ್ನು ಕರೆಯಬೇಕು? ನವೆಂಬರ್‌ನಲ್ಲಿ ಪಿಂಚಣಿಯ ಜೀವನ ಪ್ರಮಾಣ ಪತ್ರ ಮಾಡಿಸಲು ಕರೆದೊಯ್ಯುವವರು ಯಾರು? ಫೋನಿಗೆ ಬಂದ ಓಟಿಪಿ ಬ್ಯಾಂಕಿನದೋ ಕಳ್ಳನದೋ ಎಂದು ಹೇಳುವವರು ಯಾರು? ಕಣ್ಣಿನ ಪೊರೆ ಆಪರೇಷನ್ ಆದ ದಿನ ಪಕ್ಕದಲ್ಲಿ ಕೂರಲು ಸೊಸೆ ರಜೆ ಹಾಕುತ್ತಿದ್ದಳು. ಅಂಥ ಅರ್ಧ ದಿನ, ಒಂದು ದಿನಗಳನ್ನು ಕೂಡಿಸಿದರೆ ವರ್ಷದಲ್ಲಿ ಒಬ್ಬ ಅರೆಕಾಲಿಕ ನೌಕರನ ಕೆಲಸವಾಗುತ್ತದೆ.

ಈ ಕೆಲಸಗಳನ್ನು ಇನ್ನು ಮುಂದೆ ದುಡ್ಡು ಕೊಟ್ಟು ಮಾಡಿಸಬೇಕು. ಬೇಕೆಂದಾಗ ಕಾರು ಓಡಿಸಿಕೊಂಡು ಬರುವ ಡ್ರೈವರ್, ಒಂದು ಹೊತ್ತಿನ ಅಡುಗೆಯವರು, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಲ್ಯಾಬಿನವರು, ಒಂದಲ್ಲ ಒಂದು ದಿನ ಹೋಮ್ ನರ್ಸ್. ಆರೋಗ್ಯದ ದೊಡ್ಡ ಪ್ರಶ್ನೆ ಬಂದಾಗ ಈ ಊರಿನವರು ಮೆಗ್ಗಾನ್ ಅಥವಾ ಇಲ್ಲಿಯ ಖಾಸಗಿ ಆಸ್ಪತ್ರೆಗಳಿಂದ ಮಣಿಪಾಲಕ್ಕೋ ಬೆಂಗಳೂರಿಗೋ ಹೋಗುತ್ತಾರೆ. ಆಂಬುಲೆನ್ಸ್ ಜತೆಗೆ ಹೋಗಲು ಒಬ್ಬರು, ಅಲ್ಲಿ ಉಳಿಯಲು ಕೋಣೆ, ಇವೂ ಖರ್ಚೇ. ಮಗ ಬೆಂಗಳೂರಿನಲ್ಲಿದ್ದರೆ ಫೋನ್ ಬಂದ ರಾತ್ರಿಯೇ ರೈಲು ಹತ್ತಿ ಬೆಳಗಿನ ಜಾವಕ್ಕೆ ಬಂದಿಳಿಯುತ್ತಿದ್ದ. ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣವಾದದ್ದು ಒಳ್ಳೆಯದೇ, ಆದರೆ ಫ್ರಾಂಕ್‌ಫರ್ಟಿನಿಂದ ಬರುವವನಿಗೆ ಅದು ಉಳಿಸುವುದು ಕೊನೆಯ ಕೆಲವು ಗಂಟೆಗಳನ್ನು. ಅವಸರದ ಟಿಕೆಟ್ಟು ಎಂಬ ಬಾಬತ್ತನ್ನು, ಕನಿಷ್ಠ ಇಬ್ಬರ ಹೋಗಿಬರುವ ದರದಷ್ಟು, ಪ್ರತ್ಯೇಕ ಖಾತೆಯಲ್ಲಿ ಇಟ್ಟಿರಬೇಕು. ರಜಾ ಪ್ರವಾಸಕ್ಕೆ ಅದರಿಂದ ತೆಗೆಯಕೂಡದು.

ಆರೋಗ್ಯ ವಿಮೆಯ ವಿಷಯದಲ್ಲಿ ಕಾಲ ಸ್ವಲ್ಪ ನಮ್ಮ ಪರವಾಗಿದೆ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎನ್ನಲು ಕಂಪನಿಗಳಿಗೆ ನೆಪವಾಗಿದ್ದ ವಯಸ್ಸಿನ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದ ತೆಗೆದುಹಾಕಿದೆ. ವೈಯಕ್ತಿಕ ಪಾಲಿಸಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಮೊದಲೇ ಇರುವ ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೆ ಕಾಯುವ ಅವಧಿ ಮಾತ್ರ ಇನ್ನೂ ಮೂರು ವರ್ಷದವರೆಗೆ ಇರಬಹುದು. ಹಾಗಾಗಿ ಹೋಗುವ ಯೋಚನೆ ಬಂದ ವರ್ಷವೇ ಅಪ್ಪ ಅಮ್ಮನ ಪಾಲಿಸಿ ಮಾಡಿಸಿದವನು ಜಾಣ. ಏರ್‌ಪೋರ್ಟಿಗೆ ಹೊರಡುವ ವಾರ ಮಾಡಿಸಿದವನು ಮೂರು ವರ್ಷದ ಅಪಾಯವನ್ನು ತನ್ನ ಹೊರದೇಶದ ಬಜೆಟ್ಟಿನ ಮೇಲೆ ಹೊತ್ತುಕೊಂಡೇ ವಿಮಾನ ಹತ್ತಿದಂತೆ.

ಬರೆಯದೆ ಉಳಿಯುವ ಖರ್ಚಿನ ಮಾತು ಭದ್ರಾವತಿಯ ಕಡೆ ಇನ್ನೊಂದು ರೀತಿಯಲ್ಲಿ ಬರುತ್ತದೆ. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ, ಇವೆರಡರ ನೆರಳಲ್ಲಿ ನ್ಯೂಟೌನ್, ಪೇಪರ್ ಟೌನ್‌ಗಳ ಸಂಸಾರಗಳು ಬೆಳೆದವು. ಕ್ವಾರ್ಟರ್ಸಿಗೆ ನಾಮಮಾತ್ರದ ಬಾಡಿಗೆ, ಕಾರ್ಖಾನೆಯದೇ ಆಸ್ಪತ್ರೆ, ಕಾರ್ಖಾನೆಯದೇ ಶಾಲೆ. ಅಲ್ಲಿ ಸಂಬಳ ಎಂದರೆ ಕೈಗೆ ಬಂದ ದುಡ್ಡಷ್ಟೇ ಆಗಿರಲಿಲ್ಲ. ವಸತಿ, ವೈದ್ಯ, ವಿದ್ಯೆ ಮೂರನ್ನೂ ಯಾರೋ ಕೊಟ್ಟಾಗಿರುತ್ತಿತ್ತು. ಮನೆಯ ಬಜೆಟ್ಟಿನಲ್ಲಿ ಈ ಮೂರು ಸಾಲುಗಳನ್ನು ಬರೆಯುವ ಅಭ್ಯಾಸವೇ ಆ ತಲೆಮಾರಿಗೆ ಬೇಕಾಗಲಿಲ್ಲ. ಕಾಗದದ ಯಂತ್ರಗಳು ಕಳೆದ ದಶಕದ ನಡುವೆ ನಿಂತವು, ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ಮಾತು 2023ರಲ್ಲಿ ಬಂದು ಜನ ಬೀದಿಗಿಳಿದರು. ಆ ಮನೆಗಳ ಮಕ್ಕಳು ಈಗ ಹೊರದೇಶದ ಆಫರ್ ಲೆಟರ್ ಹಿಡಿದಾಗ ಕಣ್ಣು ಹೋಗುವುದು ಕೈಗೆ ಬರುವ ಮೊತ್ತದ ಮೇಲೆ. ಅಪ್ಪನ ಕಾರ್ಖಾನೆ ಮುಚ್ಚಟೆಯಾಗಿ ಕೊಟ್ಟದ್ದನ್ನೆಲ್ಲ ಈಗ ಬಿಡಿಬಿಡಿಯಾಗಿ ಕೊಳ್ಳಬೇಕು ಎಂಬುದು ತಡವಾಗಿ ತಿಳಿಯುತ್ತದೆ.

ನನ್ನ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದು ಬಲವಾದದ್ದು: ಅಪ್ಪ ಅಮ್ಮ ಕೇಳುವುದೇ ಇಲ್ಲ, ಕೊಟ್ಟರೂ ಬೇಡ ಎನ್ನುತ್ತಾರೆ, ಮತ್ತೆ ಈ ಲೆಕ್ಕ ಏಕೆ? ಬೇಡ ಎನ್ನುವುದು ನಿಜ. ಅವರು ಬೇಡ ಎನ್ನುತ್ತಿರುವುದು ದುಡ್ಡನ್ನು, ಕೆಲಸವನ್ನಲ್ಲ. ಕಾನೂನು ಕೂಡ ಇಲ್ಲಿ ದಾರಿ ತೋರುವುದಿಲ್ಲ. ಹೆತ್ತವರ ಪೋಷಣೆಯ 2007ರ ಕಾಯ್ದೆ ತಿಂಗಳಿಗೆ ಕೊಡಿಸಬಹುದಾದ ಜೀವನಾಂಶಕ್ಕೆ 10,000 ರೂಪಾಯಿಯ ಮೇಲ್ಮಿತಿ ಹಾಕಿದೆ. ಹಗಲು ರಾತ್ರಿ ಮನೆಯಲ್ಲೇ ಇರುವ ಹೋಮ್ ನರ್ಸ್‌ಗೆ ಅದು ಸಾಲುವುದಿಲ್ಲ. ಕಾನೂನಿನ ಮೊತ್ತ ಜಗಳವಾಡುವವರಿಗೆ. ಪ್ರೀತಿಯಿಂದಿರುವ ಮನೆಗಳು ತಮ್ಮ ಮೊತ್ತವನ್ನು ತಾವೇ ಕಂಡುಕೊಳ್ಳಬೇಕು.

ಇನ್ನೊಂದು ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಬಹುತೇಕ ಎಲ್ಲ ಲೆಕ್ಕಗಳೂ ಅದರ ಮೇಲೇ ನಿಂತಿರುತ್ತವೆ: ತಂಗಿ ಭದ್ರಾವತಿಯಲ್ಲೇ ಇದ್ದಾಳಲ್ಲ. ಹದಿನೆಂಟು ಇಪ್ಪತ್ತು ಕಿಲೋಮೀಟರು, ಬಸ್ಸು ಹತ್ತಿದರೆ ಬಂದುಬಿಡುತ್ತಾಳೆ. ಅವಳಿಗೂ ಅತ್ತೆ ಮಾವ ಇದ್ದಾರೆ, ಅವಳ ಮಕ್ಕಳಿಗೂ ಪರೀಕ್ಷೆ ಇರುತ್ತದೆ, ಹಲವು ಮನೆಗಳಲ್ಲಿ ಅವಳಿಗೂ ಉದ್ಯೋಗವಿದೆ. ಆದರೂ ಅಪ್ಪನಿಗೆ ಜ್ವರ ಬಂದರೆ ಹೊರಡುವವಳು ಅವಳು. ಹೊರದೇಶದಲ್ಲಿರುವ ಅಣ್ಣನ ನೆಮ್ಮದಿಯ ನಿದ್ದೆಗೆ ಆಕೆಯ ಬಸ್ ಚಾರ್ಜು, ಹಾಕಿದ ರಜೆ, ಗಂಡನ ಮನೆಯಲ್ಲಿ ಕೇಳಿದ ಮಾತು ಎಲ್ಲ ಸೇರಿದೆ. ಇದಕ್ಕೆ ಪ್ರತಿಯಾಗಿ ಎರಡು ವರ್ಷಕ್ಕೊಮ್ಮೆ ಚಾಕೊಲೇಟು, ಸೆಂಟು, ಮಕ್ಕಳಿಗೆ ಶೂ. ಸಾಲದು. ಆಕೆಯ ಹೆಸರಿಗೆ ತಿಂಗಳು ತಿಂಗಳು ಒಂದು ಮೊತ್ತ ಹೋಗಬೇಕು, ಅದು ಬಜೆಟ್ಟಿನಲ್ಲಿ ಬಾಡಿಗೆಯ ಹಾಗೆ ಕಡ್ಡಾಯದ ಬಾಬತ್ತಾಗಬೇಕು ಎನ್ನುತ್ತೇನೆ. ಅಣ್ಣ ತಂಗಿಗೆ ಕೊಟ್ಟ ಹಣದ ಮೇಲೆ ಆಕೆಗೆ ಆದಾಯ ತೆರಿಗೆಯೂ ಬೀಳುವುದಿಲ್ಲ.

"ಮಗಳಿಗೆ ಸಂಬಳ ಕೊಡೋದೇನ್ರೀ?" ಎಂದು ಹಿರಿಯರು ಸಿಡುಕುತ್ತಾರೆ, ನನಗೆ ಗೊತ್ತು. ತಂಗಿಯೂ ಮೊದಲ ಸಲ ಬೇಸರಪಟ್ಟುಕೊಳ್ಳಬಹುದು. ಆದರೆ ಮಾತಾಡದೆ ಬಿಟ್ಟ ಮನೆಗಳಲ್ಲಿ ಮುಂದೇನಾಗುತ್ತದೆ ಎಂಬುದೂ ನಮಗೆ ಗೊತ್ತು. ಅಪ್ಪ ಹೋದ ಮೇಲೆ ಸವಳಂಗ ರಸ್ತೆಯ ಮನೆ ಮಾರುವ ಪ್ರಶ್ನೆ ಬರುತ್ತದೆ. ಹತ್ತು ವರ್ಷ ನೋಡಿಕೊಂಡವಳ ಹತ್ತಿರ ಅದಕ್ಕೆ ಚೀಟಿಯಿಲ್ಲ, ಸಾಕ್ಷಿಯಿಲ್ಲ. ಅಣ್ಣ "ನಾನು ದುಡ್ಡು ಕಳಿಸ್ತಿದ್ದೆನಲ್ಲ" ಎನ್ನುತ್ತಾನೆ. ಆ ಜಗಳ ಆಸ್ತಿಯದಲ್ಲವೇ ಅಲ್ಲ, ಎಂದೂ ಬರೆಯದ ಆ ಬಾಬತ್ತಿನದು. ಅಪ್ಪ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆಯಾದರೆ ಅವರು ಬದುಕಿರುವಾಗಲೇ ಉಯಿಲು ಬರೆದು ನೋಂದಾಯಿಸಬಹುದು, ನೋಡಿಕೊಂಡವಳಿಗೆ ಹೆಚ್ಚಿನ ಪಾಲು ಬರೆಯಬಹುದು. ತಿಂಗಳ ಮೊತ್ತ ಕಡಿಮೆ ಇಟ್ಟು ಪಾಲು ಹೆಚ್ಚಿಡುವುದೋ, ಮೊತ್ತ ಸರಿಯಾಗಿಟ್ಟು ಪಾಲು ಸಮವಾಗಿಡುವುದೋ, ಅದು ಆ ಮನೆಯವರ ತೀರ್ಮಾನ. ಎರಡನ್ನೂ ಬಿಟ್ಟು ಒಳ್ಳೆಯತನದ ಮೇಲೆ ಭಾರ ಹಾಕುವುದು ಮಾತ್ರ ನ್ಯಾಯವಲ್ಲ.

ಆಸ್ತಿಯ ಮಾತು ಬಂದದ್ದಕ್ಕೆ ಇನ್ನೆರಡು ಸಣ್ಣ ಮಾತು. ನಮ್ಮ ಜಿಲ್ಲೆಯ ಹುಡುಗರಿಗೆ ಹೊರಗೆ ದುಡಿದು ಬಂದು ಅಡಿಕೆ ತೋಟ ಮಾಡುವ ಆಸೆ ದೊಡ್ಡದು. ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಜಮೀನು ಕೊಳ್ಳಬಹುದಾಯಿತು. ಆದರೆ ಅನಿವಾಸಿಗಳು ಕೃಷಿ ಜಮೀನನ್ನಾಗಲಿ ತೋಟವನ್ನಾಗಲಿ ಕೊಳ್ಳುವಂತಿಲ್ಲ ಎಂಬ ವಿದೇಶಿ ವಿನಿಮಯದ ನಿಯಮ ಹಾಗೇ ಇದೆ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಕ್ರಯಕ್ಕೆ ಕೊಳ್ಳಲು ಬರುವುದಿಲ್ಲ. ಐದು ವರ್ಷದಲ್ಲಿ ತೋಟ ಎಂಬ ಗುರಿಯಿಟ್ಟು ಉಳಿತಾಯ ಲೆಕ್ಕ ಹಾಕುವವರು ಇದನ್ನು ಮೊದಲೇ ತಿಳಿದಿರಬೇಕು. ಮತ್ತೊಂದು, ಮಹಡಿಯನ್ನು ಬಾಡಿಗೆಗೆ ಕೊಟ್ಟು ಹೋಗುವವರಿಗೆ. ಮನೆ ಅನಿವಾಸಿಯ ಹೆಸರಲ್ಲಿದ್ದರೆ ಬಾಡಿಗೆದಾರ ಶೇ 30ಕ್ಕೂ ಹೆಚ್ಚು ತೆರಿಗೆ ಹಿಡಿದು ಉಳಿದದ್ದನ್ನು ಕೊಡಬೇಕು. ಆ ಬಾಡಿಗೆಯಿಂದಲೇ ಅಪ್ಪ ಅಮ್ಮನ ಖರ್ಚು ನಡೆಯುತ್ತದೆ ಎಂದು ಅಂದಾಜಿಸಿದ್ದರೆ ಮೂರನೇ ಒಂದು ಭಾಗ ಕೈಗೆ ಬರುವುದು ರಿಟರ್ನ್ ಸಲ್ಲಿಸಿದ ಮೇಲೆ, ಬಂದರೆ.

ಎರಡೂ ಮನೆಯ ಮೊತ್ತ ಕೂಡಿಸಿದಾಗ ಹೋಗುವುದು ಲಾಭವಲ್ಲ ಎಂದು ಗೊತ್ತಾಗುವ ಸಂಸಾರಗಳು ಇರುತ್ತವೆ. ಅವರೆಲ್ಲ ಹೋಗಬಾರದು ಎಂದು ನಾನು ಹೇಳುತ್ತಿಲ್ಲ. ಮಕ್ಕಳ ಓದು, ಕೆಲಸದ ಗುಣ, ಉಸಿರಾಡುವ ಗಾಳಿ, ಊರಿನ ಕಣ್ಣುಗಳಿಂದ ಸ್ವಲ್ಪ ಬಿಡುಗಡೆ, ಇವಕ್ಕಾಗಿ ದುಡ್ಡು ಕಳೆದುಕೊಂಡು ಹೋಗುವುದೂ ನ್ಯಾಯವೇ. ದುಡ್ಡಿಗಾಗಿ ಹೋಗುತ್ತಿದ್ದೇನೆ ಎಂದು ಹೇಳಿಕೊಂಡು ಹಾಗೆ ಹೋಗಬಾರದು. ಲೆಕ್ಕ ಕೈಯಲ್ಲಿದ್ದವನಿಗೆ ಕಂಪನಿಯ ಹತ್ತಿರ ಕೇಳಲು ನಿರ್ದಿಷ್ಟವಾದದ್ದು ಸಿಗುತ್ತದೆ: ನಾಲ್ಕೂ ಜನರ ವೀಸಾ ಖರ್ಚು, ಮೊದಲ ಎರಡು ತಿಂಗಳ ವಸತಿ, ಮಕ್ಕಳ ಫೀಸಿನಲ್ಲಿ ಪಾಲು, ವರ್ಷಕ್ಕೊಂದು ಸಲ ಊರಿನ ಟಿಕೆಟ್ಟು. ಸಂಬಳ ಹೆಚ್ಚಿಸಿ ಎಂದು ಬರಿದೇ ಕೇಳುವುದಕ್ಕಿಂತ ಇವನ್ನು ಕೇಳಿದರೆ ಸಿಗುವ ಸಂಭವ ಹೆಚ್ಚು. ಗಂಡ ಮೊದಲು ಹೋಗಿ, ಹೆಂಡತಿ ಮಕ್ಕಳು ಇಲ್ಲಿಯ ಶಾಲೆಯ ವರ್ಷ ಮುಗಿಸಿ ಹೊರಡುವ ಹಳೆಯ ಕ್ರಮಕ್ಕೂ ಅರ್ಥವಿದೆ. ಇಳಿಯುವ ಖರ್ಚು ಸಂಬಳದಿಂದಲೇ ನಡೆಯುತ್ತದೆ, ಹೆಂಡತಿಯ ನೌಕರಿ ಅಷ್ಟು ತಿಂಗಳು ಉಳಿಯುತ್ತದೆ, ಅಪ್ಪ ಅಮ್ಮನ ಮನೆಗೆ ಹೊಸ ಏರ್ಪಾಡುಗಳನ್ನು ಆಕೆಯ ಕಣ್ಣೆದುರೇ ನಡೆಸಿ ನೋಡಬಹುದು. ಅಡುಗೆಯವರು ಎರಡನೇ ವಾರಕ್ಕೇ ಬಿಟ್ಟುಹೋದರೆ ಬೇರೆಯವರನ್ನು ಹುಡುಕಲು ಇಲ್ಲಿ ಒಬ್ಬರು ಇರುತ್ತಾರೆ.

ಒಂದೇ ತೊಡಕು, ಸಮಯ. ಆಫರ್ ಬಂದ ಮೇಲೆ ಉತ್ತರ ಹೇಳಲು ಕಂಪನಿಗಳು ಕೊಡುವುದು ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಅಲ್ಲಿಯ ಮನೆಯ ಲೆಕ್ಕ ಅಷ್ಟರಲ್ಲಿ ಮುಗಿಯುತ್ತದೆ, ಇಂಟರ್‌ನೆಟ್ ಇದೆ, ಮೊದಲೇ ಹೋದ ಗೆಳೆಯರಿದ್ದಾರೆ. ಇಲ್ಲಿಯ ಮನೆಯದ್ದು ಮುಗಿಯುವುದಿಲ್ಲ. ಅಪ್ಪ ಮೊದಲ ಸಲ ಮಾತು ಹಾರಿಸುತ್ತಾರೆ, ಎರಡನೇ ಸಲ ಸಿಟ್ಟಾಗುತ್ತಾರೆ, ಮೂರನೇ ಸಲವಷ್ಟೇ ಡೈರಿ ತೆಗೆಯುತ್ತಾರೆ. ತಂಗಿ, ಭಾವ ಎದುರಿಗೆ ಇರುವ ದಿನ ನೋಡಬೇಕು. ಹಾಗಾಗಿ ಅರ್ಜಿ ಹಾಕುವ ಮೊದಲೇ, ಯುಗಾದಿಗೋ ದೀಪಾವಳಿಗೋ ಎಲ್ಲರೂ ಸೇರಿದಾಗಲೇ ಎತ್ತಬೇಕಾದ ಮಾತಿದು.